ಗಪ್ಪಿ ಬಿಡುವ ಮೊದಲು ನಕಾಶೆ ಬಿಡಿಸೋಣ

ಬೋಧನಾಭ್ಯಾಸಕ್ಕೆಂದು ಹಳಿಯಾಳ ತಾಲೂಕಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಎಂಟನೆಯ ತರಗತಿಗೆ ಸೊಳ್ಳೆ ನಿಯಂತ್ರಣದ ಪಾಠ. ಗಪ್ಪಿ ಮೀನು ಸೊಳ್ಳೆಯ ಲಾರ್ವಾ ತಿನ್ನುತ್ತದೆ, ನಿಂತ ನೀರಿಗೆಲ್ಲ ಬಿಡಿ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: “ಸರ, ನಮ್ಮೂರ ಕೆರಿ ಮಳಿಗಾಲದಾಗ ಕೋಡಿ ಬೀಳ್ತದ. ಆವಾಗ ಆ ಮೀನು ಎಲ್ಲಿ ಹೋಗ್ತಾವ್ರಿ?” ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುವೆ ಎಂದು ಕೂರಿಸಿದೆ.

ರಾತ್ರಿ ನಕಾಶೆ ನೋಡಿದೆ. ಹಳಿಯಾಳದ ತಟ್ಟಿಹಳ್ಳ ಕಾಳಿಯ ಉಪನದಿ. ದಾಂಡೇಲಿಯ ಕಾಳಿ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಜಲಾಶಯಗಳನ್ನು ದಾಟಿ ಕಾರವಾರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಮುಂಡಗೋಡದ ಧರ್ಮಾ ನದಿಯ ನೀರು ವರದಾ, ತುಂಗಭದ್ರಾ ಮೂಲಕ ಕೃಷ್ಣೆಗೆ ಹೋಗುತ್ತದೆ. ನೆರೆಹೊರೆಯ ತಾಲೂಕುಗಳ ನೀರು ಸೇರುವುದು ಎರಡು ಬೇರೆ ಸಮುದ್ರಗಳಿಗೆ!

ಹೊರಗಿನ ಮೀನು ಎಲ್ಲಿಗೆ ಹರಡೀತು ಎಂದು ಊಹಿಸಲು ವಿಜ್ಞಾನಿಗಳು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಅಲ್ಲಿ ಅದು ಬದುಕೀತೇ? ಅಲ್ಲಿಗೆ ಅದು ತಲುಪೀತೇ? ಗಪ್ಪಿಯ ತವರು ದಕ್ಷಿಣ ಅಮೆರಿಕದ ಉತ್ತರ ಭಾಗದ ಬೆಚ್ಚಗಿನ ನೀರು. ನಮ್ಮ ಕೆರೆಗಳೂ ಬೆಚ್ಚಗೇ ಇವೆ. ತಲುಪಲು ಕೋಡಿ ಇದೆ, ಕಾಲುವೆ ಇದೆ. ಸೂಪಾ ಅಣೆಕಟ್ಟನ್ನು ಮೀನು ಹತ್ತಲಾರದು ನಿಜ. ಆದರೆ ಜೋಯಿಡಾದ ಮೇಲಿನ ಹಳ್ಳಗಳಿಗೆ ಮನುಷ್ಯನ ಬಕೆಟ್ ಹತ್ತಬಲ್ಲದು. ಗಪ್ಪಿ ಮರಿ ಹಾಕುವ ಮೀನು, ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಉಳಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಹೆಣ್ಣು ಸಾಕು. ಆಹಾರಕ್ಕೆಂದು 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ ಇಂದು ಕೆರೆ, ಜಲಾಶಯಗಳಲ್ಲಿ ತುಂಬಿಕೊಂಡಿದೆ. ಅದನ್ನು ವಾಪಸು ಕರೆಯುವವರು ಯಾರು?

ಡೆಂಗಿ ಬಂದಾಗ ಮೀನಿನ ಚಿಂತೆಯೇ ಎಂದು ಕೆಲವರು ಕೇಳಬಹುದು. ಸೊಳ್ಳೆ ನಿಯಂತ್ರಣ ಬೇಡವೆಂದು ನಾನು ಹೇಳುತ್ತಿಲ್ಲ. ಹೊರಹರಿವಿಲ್ಲದ ಸಿಮೆಂಟ್ ತೊಟ್ಟಿಗೆ ಗಪ್ಪಿ ಬಿಡಲಿ. ಕೋಡಿ ಇರುವ ಕೆರೆಗೆ, ಹಳ್ಳಕ್ಕೆ ಬೇಡ. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಮನೆಯ ಡ್ರಮ್ಮು, ಹಳೆಯ ಟೈರುಗಳಲ್ಲೇ ಮೊಟ್ಟೆ ಇಡುತ್ತದೆ. ಅವನ್ನು ವಾರಕ್ಕೊಮ್ಮೆ ಬರಿದು ಮಾಡಲು ಮೀನೇ ಬೇಕಿಲ್ಲ.

ಮರುದಿನ ಮೂವರು ಹುಡುಗರು ಕೆರೆಗೆ ಬಿಡಲೆಂದು ಡಬ್ಬಿಯಲ್ಲಿ ಗಪ್ಪಿ ತಂದೇ ಬಿಟ್ಟಿದ್ದರು, ನನ್ನ ಮಾತು ನಂಬಿ. ನನಗೆ ನಾಚಿಕೆಯಾಯಿತು. ಮೀನುಗಳನ್ನು ಶಾಲೆಯ ತೊಟ್ಟಿಗೆ ಹಾಕಿಸಿ, ನನ್ನ ತಪ್ಪನ್ನು ತರಗತಿಯಲ್ಲೇ ಒಪ್ಪಿಕೊಂಡೆ. ಆಮೇಲೆ ಮಕ್ಕಳು ತಮ್ಮೂರಿನ ಕೆರೆ, ಕೋಡಿ, ಹಳ್ಳ ಬಿಡಿಸಿ ಮೀನಿನ ದಾರಿಗೆ ಬಾಣದ ಗುರುತು ಹಾಕಿದರು.

ನಮ್ಮ ವೀಕ್ಷಣಾ ನಮೂನೆಯಲ್ಲಿ ಶಿಕ್ಷಕರ ಪ್ರಶ್ನೆಗಳಿಗೆ ಅಂಕವಿದೆ. ವಿದ್ಯಾರ್ಥಿ ಕೇಳಿದ ಪ್ರಶ್ನೆಗೂ ಒಂದು ಕಾಲಂ ಇರಲಿ. ಆ ಹುಡುಗಿ ಕೇಳದಿದ್ದರೆ ಅಂದು ನನ್ನ ಪಾಠವೇ ಕೋಡಿ ಹರಿದು ಕಾಳಿ ಸೇರುತ್ತಿತ್ತು.