ಕಂಪೈಲರ್ ಬಾಯಿಗೆ ಬಟ್ಟೆ ತುರುಕೋರಿಗೆ...

ಮೊನ್ನೆ ಆಫೀಸಿನಲ್ಲಿ ಜೋರು ಜಗಳ. ಕಾರಣ ಸಂಬಳ ಅಲ್ಲ, ರಜೆ ಅಲ್ಲ, ಒಂದು ಆಶ್ಚರ್ಯಸೂಚಕ ಚಿಹ್ನೆ!

ನಾವು ಬರೆಯೋದು ಸಿ ಶಾರ್ಪ್‌ನಲ್ಲಿ. 2019ರ ಸಿ ಶಾರ್ಪ್ 8ರಿಂದ, ನಾವು ಕೇಳಿಕೊಂಡರೆ, 'ಇದು ನಲ್ ಇರಬಹುದು ಕಣಪ್ಪಾ' ಅಂತ ಕಂಪೈಲರ್ ಮೊದಲೇ ಎಚ್ಚರಿಸುತ್ತದೆ. 2021ರ ಡಾಟ್ ನೆಟ್ 6ರಿಂದ ಹೊಸ ಪ್ರಾಜೆಕ್ಟುಗಳಲ್ಲಿ ಇದು ತಾನಾಗೇ ಚಾಲೂ. ನಮ್ಮ ಹಳೇ ಪ್ರಾಜೆಕ್ಟಿನಲ್ಲಿ ಚಾಲೂ ಮಾಡಿದ ದಿನ ಪರದೆ ತುಂಬಾ ವಾರ್ನಿಂಗು. ಸಹೋದ್ಯೋಗಿಯೊಬ್ಬರ ಪರಿಹಾರ: ಎಲ್ಲಾ ಕಡೆ '!' ಹಾಕಿ, ಮುಗೀತು. ಅಂದ್ರೆ 'ಇದು ನಲ್ ಅಲ್ಲ, ನನಗೆ ಗೊತ್ತು, ನೀನು ಸುಮ್ನಿರು' ಅಂದ ಹಾಗೆ. ಪ್ರೋಗ್ರಾಮ್ ಓಡುವಾಗ ಆ ಚಿಹ್ನೆ ಏನನ್ನೂ ಪರೀಕ್ಷಿಸೋದಿಲ್ಲ.

ಅವರದು ಪೂರ್ತಿ ತಪ್ಪಲ್ಲ, ಒಪ್ಪಿಕೊಳ್ತೀನಿ. ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನಲ್ಲಿ 'ವೇರ್' ಒಳಗೆ ಆರ್ಡರಿನ ಗ್ರಾಹಕನ ಊರು ಯಾವುದು ಅಂತ ಕೇಳಿದರೆ, ಗ್ರಾಹಕನೇ ಇಲ್ಲದಿರಬಹುದು ಅಂತ ಕಂಪೈಲರ್ ಗೊಣಗುತ್ತದೆ. ಆದರೆ ಆ ಸಾಲು ಸಿ ಶಾರ್ಪ್ ಆಗಿ ಓಡೋದೇ ಇಲ್ಲ. ಎಸ್‌ಕ್ಯುಎಲ್ ಆಗಿ, ಲೆಫ್ಟ್ ಜಾಯಿನ್ ಆಗಿ ಹೋಗುತ್ತದೆ. ಗ್ರಾಹಕ ಇಲ್ಲದ ಕಡೆ ಊರೂ ನಲ್, ಆ ಆರ್ಡರ್ ಫಲಿತಾಂಶದಲ್ಲಿ ಬರೋದಿಲ್ಲ, ಅಷ್ಟೇ. ಏನೂ ಸಿಡಿಯೋದಿಲ್ಲ. '?.' ಹಾಕೋಣ ಅಂದ್ರೆ ಎಕ್ಸ್‌ಪ್ರೆಶನ್ ಟ್ರೀ ಒಳಗೆ ಅದಕ್ಕೆ ಪ್ರವೇಶವಿಲ್ಲ. ಅಲ್ಲಿ '!' ಹಾಕೋದೇ ಸರಿ.

ಆದರೆ 'ಫಸ್ಟ್‌ಆರ್‌ಡಿಫಾಲ್ಟ್' ಕೊಟ್ಟ ಉತ್ತರಕ್ಕೂ ಅದೇ ಚಿಹ್ನೆ ಅಂಟಿಸಿದ್ರೆ? ಅಲ್ಲಿಗೆ ಡೇಟಾಬೇಸ್ ತನ್ನ ಕೆಲಸ ಮುಗಿಸಿಯಾಗಿದೆ. ಹುಡುಕಿದ್ದು ಸಿಗದಿದ್ರೆ ಕೈಗೆ ಬರೋದು ಅಸಲಿ ನಲ್. ನಮ್ಮಲ್ಲಿ ಆಗಿದ್ದೂ ಅದೇ. ಅಳಿಸಿಹಾಕಿದ್ದ ಒಂದು ಖಾತೆಯನ್ನು ಹುಡುಕಹೋಗಿ ರಾತ್ರಿಯ ಬಿಲ್ಲಿಂಗ್ ಅರ್ಧಕ್ಕೇ ನಿಂತುಬಿಟ್ಟಿತು. ಬೆಳಗಿನ ಜಾವ ಎರಡಕ್ಕೆ ಫೋನ್ ಬಂದದ್ದು ನನಗೆ, '!' ಹಾಕಿದವರಿಗಲ್ಲ. ಕಂಪೈಲರ್ ಹೇಳಿತ್ತು ಸ್ವಾಮೀ, ನಾವೇ ಬಾಯಿ ಮುಚ್ಚಿಸಿದ್ದು!

ನಲ್ ರೆಫರೆನ್ಸನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂಗೆ ತಂದ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಅಂದರು. ಆ ಬಿಲ್ಲನ್ನು ನಾವು ಇನ್ನೂ ಕಟ್ಟುತ್ತಲೇ ಇದ್ದೇವೆ.

ನನ್ನ ವಾದ ಇಷ್ಟೇ. ಕ್ವೆರಿ ಒಳಗೆ '!' ಇರಲಿ, ಯಾಕೆ ಅಂತ ಪಕ್ಕದಲ್ಲೇ ಒಂದು ಸಾಲು ಬರೀರಿ. ಹೊರಗೆ ಬಂದಮೇಲೆ 'ಇಫ್' ಹಾಕಿ ನೋಡಿ, ಖಾತೆ ಸಿಗದಿದ್ರೆ ಏನು ಮಾಡಬೇಕು ಅಂತ ಹಗಲಲ್ಲೇ ತೀರ್ಮಾನಿಸಿ. ಎರಡಕ್ಕೂ ಒಂದೇ ಮದ್ದು ಅನ್ನೋರು ರಾತ್ರಿ ಫೋನನ್ನೂ ತಾವೇ ಎತ್ತಲಿ.

ಏನಂತೀರಿ?