ನೀರು ಒಯ್ಯಲು ಯಾವ ಬಾಟಲಿ?



"ಬಾಟಲಿಯಲ್ಲೇನಿದೆ ಮಹಾ, ಸೋರದೇ ಇದ್ದರೆ ಸಾಕು" ಎನ್ನುತ್ತಿದ್ದವಳು ನಾನೇ. ಹೋದ ಬೇಸಿಗೆಯವರೆಗೂ ನಮ್ಮ ಅಡಿಗೆಮನೆಯ ಗೂಡಿನಲ್ಲಿ ತಂಪು ಪಾನೀಯದ ಖಾಲಿ ಬಾಟಲಿಗಳೇ ಸಾಲಾಗಿ ನಿಂತಿರುತ್ತಿದ್ದವು. ಈಗ ಒಂದೂ ಇಲ್ಲ. ಏಕೆಂದು ಹೇಳುತ್ತೇನೆ, ಕೇಳಿ.

ಮಾರ್ಚಿ ತಿಂಗಳಲ್ಲಿ ಹೊಸದುರ್ಗದಿಂದ ನನ್ನ ನಾದಿನಿ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಚಿತ್ರದುರ್ಗಕ್ಕೆ ಬಂದ ಮೇಲೆ ಕೋಟೆ ಹತ್ತದೆ ಹೋಗುವುದುಂಟೇ? ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವಾಗಲೇ ಒಂಬತ್ತಾಯಿತು. ನಮ್ಮ ದುರ್ಗದ ಬಂಡೆಗಳ ವಿಷಯ ನಿಮಗೆ ಗೊತ್ತಲ್ಲ, ಹತ್ತು ಗಂಟೆಗೆಲ್ಲ ಕಾವಲಿಯ ಹಾಗೆ ಕಾಯುತ್ತವೆ. ನಾದಿನಿಯ ದೊಡ್ಡ ಮಗಳ ಹೆಗಲಿಗೆ ಹೊಸ ತಾಮ್ರದ ಬಾಟಲಿ. ಯಾರದೋ ಗೃಹಪ್ರವೇಶದಲ್ಲಿ ಬಂದ ಉಡುಗೊರೆ, ಫಳಫಳ ಹೊಳೆಯುತ್ತಿತ್ತು. ಓಬವ್ವನ ಕಿಂಡಿಯ ಹತ್ತಿರ ಬರುವಷ್ಟರಲ್ಲಿ ಹುಡುಗಿಗೆ ಹೊಟ್ಟೆ ತೊಳಸಿ ಎರಡು ಸಲ ವಾಂತಿಯಾಯಿತು. ಬಿಸಿಲು ಬಡಿದಿದೆ ಎಂದುಕೊಂಡು ತಣ್ಣೀರು ದೋಣಿಯ ಬಳಿ ನೆರಳಿನಲ್ಲಿ ಕೂರಿಸಿದೆವು. "ಇನ್ನೊಂದು ಗುಟುಕು ಕುಡಿಯಮ್ಮ" ಎಂದು ಅದೇ ಬಾಟಲಿಯನ್ನು ನಾದಿನಿ ಬಾಯಿಗೆ ಹಿಡಿದಳು. ಮಗು ಮುಖ ತಿರುಗಿಸಿತು. ನಾನು ಒಂದು ಹನಿ ನಾಲಿಗೆಗೆ ಹಾಕಿ ನೋಡಿದೆ. ಹಳೇ ಕಾಸು ನೆಕ್ಕಿದ ಹಾಗಿತ್ತು!

ಒಳಗಿದ್ದದ್ದು ನಿಂಬೆಹಣ್ಣಿನ ಷರಬತ್ತು. ಹಿಂದಿನ ರಾತ್ರಿಯೇ ಮಾಡಿ ತುಂಬಿಟ್ಟಿದ್ದಳಂತೆ.

"ತಾಮ್ರ ಒಳ್ಳೇದು ಅಂತ ಎಲ್ಲರೂ ಹೇಳ್ತಾರಲ್ಲ ಅತ್ತಿಗೆ, ನಾನೇ ನನ್ನ ಮಗೂಗೆ ವಿಷ ಕುಡಿಸಿದೆನಾ?" ಎಂದು ಆಕೆ ಅಲ್ಲೇ ಅಳತೊಡಗಿದಳು. ಬೇರೆ ನೀರು ಕುಡಿಸಿದ ಮೇಲೆ ಹುಡುಗಿ ಸಂಜೆಯೊಳಗೆ ಸರಿಹೋದಳು, ದೇವರ ದಯೆ.

ತಾಮ್ರ ಒಳ್ಳೆಯದೆಂಬುದು ಸುಳ್ಳಲ್ಲ ಕಣ್ರೀ. ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವುದು ನಮ್ಮ ಹಿರಿಯರ ಪದ್ಧತಿ. ಬೆಂಗಳೂರಿನ ಸಂಶೋಧಕರು ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ: ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ರೋಗಾಣುಗಳು ಸತ್ತಿದ್ದವು, ನೀರಿಗಿಳಿದ ತಾಮ್ರವೂ ಮಿತಿಯೊಳಗೇ ಇತ್ತು. ಆದರೆ ಅದು ಬರೀ ನೀರಿನ ಮಾತು. ನಿಂಬೆರಸ, ಮಜ್ಜಿಗೆ, ಹುಣಸೆ ಪಾನಕ, ಹೀಗೆ ಹುಳಿ ಇರುವ ಯಾವುದನ್ನೇ ಹಾಕಿದರೂ ಅದು ತಾಮ್ರವನ್ನು ಕರಗಿಸಿ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಹೊಟ್ಟೆ ತೊಳಸು, ವಾಂತಿ ಅದರಿಂದಲೇ. ತಾಮ್ರದ ಬಿಂದಿಗೆಯನ್ನು ನಾವು ಹುಣಸೆಹಣ್ಣು ಹಚ್ಚಿಯೇ ಅಲ್ಲವೇ ಬೆಳಗುವುದು? ಹೊರಗೆ ಕಿಲುಬು ಬಿಡಿಸುವ ಹುಳಿ ಒಳಗೆ ಸುಮ್ಮನಿರುತ್ತದೆಯೇ! ನಮ್ಮೂರ ಪಕ್ಕದ ಇಂಗಳದಾಳಿನಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿಯೇ ನಡೆಯುತ್ತಿತ್ತು. ಆದರೂ ಈ ಸಣ್ಣ ಮಾತು ನನಗೆ ಹೊಳೆದಿರಲಿಲ್ಲ. ತಾಮ್ರ ಮನೆಯಲ್ಲಿರಲಿ, ನೀರಿಗಷ್ಟೇ ಇರಲಿ. ಒಳಗೆ ಹಸಿರು ಕಿಲುಬು ಕಂಡರೆ ಬೆಳಗುವ ತನಕ ಅದರಲ್ಲಿ ಕುಡಿಯಬೇಡಿ.

ಎರಡನೆಯ ಪ್ರಸಂಗ ಹಿರಿಯೂರಿನದು. ನನ್ನ ಮಗಳನ್ನು ಕೊಟ್ಟಿರುವ ಊರು. ಮೊಮ್ಮಗಳು ಮೂರನೇ ತರಗತಿ. ಜೂನ್‌ನಿಂದ ಅವಳಿಗೆ ಆಗಾಗ ಸಣ್ಣ ಜ್ವರ, ಮೂತ್ರಕ್ಕೆ ಹೋದರೆ ಉರಿ. ಡಾಕ್ಟರು ಮಾತ್ರೆ ಕೊಟ್ಟರು, ಕಡಿಮೆಯಾಯಿತು, ಮತ್ತೆ ಬಂತು. ಮೂರನೇ ಸಲ ಹೋದಾಗ ಆ ಡಾಕ್ಟರಮ್ಮ ಮಗುವನ್ನೇ ಹತ್ತಿರ ಕೂರಿಸಿಕೊಂಡು, "ಸ್ಕೂಲಲ್ಲಿ ಎಷ್ಟು ನೀರು ಕುಡೀತೀಯಾ ಪುಟ್ಟಿ?" ಎಂದು ಕೇಳಿದರಂತೆ. "ಕುಡಿಯಲ್ಲ. ವಾಸನೆ ಬರುತ್ತೆ" ಎಂದಿತಂತೆ ಮಗು! ದಿನವೂ ತಾಯಿ ತುಂಬಿ ಕಳಿಸುತ್ತಿದ್ದ ನೀರನ್ನು ಮನೆಗೆ ಬರುವ ಮೊದಲು ಗಿಡಕ್ಕೆ ಸುರಿದು ಬರುತ್ತಿದ್ದಳು. ಬೈಸಿಕೊಳ್ಳಬಾರದಲ್ಲ, ಅದಕ್ಕೆ.

ನಾನು ಹೋದಾಗ ಆ ಬಾಟಲಿಯನ್ನು ಬಿಚ್ಚಿ ನೋಡಿದೆ. ಬಣ್ಣಬಣ್ಣದ ಪ್ಲಾಸ್ಟಿಕ್ಕು, ಮೇಲೊಂದು ಹೀರುವ ಕೊಳವೆ, ಮುಚ್ಚಳದೊಳಗೆ ರಬ್ಬರಿನ ಬಳೆ. ಆ ಬಳೆಯನ್ನು ಹೇರ್‌ಪಿನ್ನಿನಿಂದ ಎಬ್ಬಿಸಿದರೆ ಅದರಡಿ ಕಪ್ಪಗೆ ಲೋಳೆ ಕಟ್ಟಿತ್ತು. ಮಗಳು ದಿನಾ ಸೋಪು ಹಾಕಿ ತೊಳೆಯುತ್ತಿದ್ದಳು, ಆದರೆ ಬಳೆ ಬಿಚ್ಚಿರಲಿಲ್ಲ. ಈ ಪುಟ ಓದುವುದನ್ನು ಐದು ನಿಮಿಷ ನಿಲ್ಲಿಸಿ, ನಿಮ್ಮ ಮಕ್ಕಳ ಬಾಟಲಿಯ ಮುಚ್ಚಳವನ್ನೊಮ್ಮೆ ಬಿಚ್ಚಿ ನೋಡಿ ಬನ್ನಿ.

ಅಂದೇ ಪೇಟೆಗೆ ಹೋಗಿ ಸ್ಟೀಲಿನದು ತಂದೆವು. ಅಲ್ಲೊಂದು ತಮಾಷೆ. ಅಂಗಡಿಯಾತ ಆಯಸ್ಕಾಂತ ಹಿಡಿದು, "ನೋಡಿ ಅಮ್ಮ, ಅಂಟೋದಿಲ್ಲ, ಅಸಲಿ ಮಾಲು" ಎಂದ. ಇದನ್ನು ನಂಬಬೇಡಿ. ಒಳ್ಳೆಯ ಸ್ಟೀಲಿಗೆ 304 ಎನ್ನುತ್ತಾರೆ, 18/8 ಎಂದೂ ಬರೆದಿರುತ್ತಾರೆ. ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಎಂದು ಅರ್ಥ. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್ ಹೆಚ್ಚು. ಆಯಸ್ಕಾಂತ ಎರಡಕ್ಕೂ ಅಂಟುವುದಿಲ್ಲ! ವ್ಯತ್ಯಾಸ ತಿಳಿಯುವುದು ಆಮೇಲೆ. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಿಗೆ 202ರ ತಳದಲ್ಲಿ ತುಕ್ಕಿನ ಚುಕ್ಕೆ ಬೇಗ ಏಳುತ್ತದೆ. ಆದ್ದರಿಂದ ತಳದಲ್ಲಿ ಕೊರೆದಿರುವ ಅಂಕಿಯನ್ನೂ ಐ.ಎಸ್.ಐ. ಗುರುತನ್ನೂ ನೋಡಿ ಕೊಳ್ಳಿ. ಇನ್ನೊಂದು ಮಾತು, ಬಾಯಿ ಅಗಲವಾಗಿರಲಿ. ನಿಮ್ಮ ಕೈ ಇಲ್ಲವೇ ದಪ್ಪ ಬ್ರಷ್ಷು ತಳ ಮುಟ್ಟದ ಬಾಟಲಿ ಎಷ್ಟು ಚೆಂದವಿದ್ದರೂ ಬೇಡ.

ಬಿಸಿ-ತಂಪು ಕಾಯುವ ಫ್ಲಾಸ್ಕ್ ಬಾಟಲಿಯೇ ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಅದರಲ್ಲಿ ಎರಡು ಗೋಡೆ, ನಡುವಿನ ಗಾಳಿಯನ್ನು ತೆಗೆದಿರುತ್ತಾರೆ. ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ 1892ರಲ್ಲಿ ಕಂಡುಹಿಡಿದ ಉಪಾಯ ಅದು. ಕೊಂಡ ದಿನವೇ ಕುದಿನೀರು ಹಾಕಿ ಹತ್ತು ನಿಮಿಷ ಬಿಟ್ಟು ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಪಸು ಕೊಡಿ. ಇದನ್ನು ಒಲೆಯ ಮೇಲಿಡಬಾರದು. ಬೆಚ್ಚನೆಯ ಹಾಲು ತುಂಬಿ ಗಂಟೆಗಟ್ಟಲೆ ಇಡಬಾರದು, ಆ ಉಗುರುಬೆಚ್ಚಗಿನ ಕಾವೇ ಹಾಲು ಕೆಡಿಸುವ ಕ್ರಿಮಿಗಳಿಗೆ ಹಬ್ಬ. ತೂಕವೂ ಹೆಚ್ಚು. ಪುಸ್ತಕದ ಹೊರೆ ಹೊರುವ ಮೂರನೇ ತರಗತಿಯ ಮಗುವಿಗೆ ಒಂದೇ ಗೋಡೆಯ ಸ್ಟೀಲು ಸಾಕು. ನಮ್ಮ ಪುಟ್ಟಿಗೆ ಅದನ್ನೇ ಕೊಡಿಸಿದೆವು, ಮುಖ ಊದಿಸಿಕೊಂಡಳು. ಇರಲಿ.

ಪ್ಲಾಸ್ಟಿಕ್ಕಿನ ವಿಷಯಕ್ಕೆ ಬಂದರೆ ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಎಂದಿದ್ದರೆ ಅದು ಅಂಗಡಿಯ ನೀರು, ಪಾನೀಯಗಳ ತೆಳು ಬಾಟಲಿ. ಒಮ್ಮೆ ಬಳಸಿ ಬಿಡುವುದಕ್ಕೆ ಮಾಡಿದ್ದು. ನಮ್ಮ ಗೂಡಿನಲ್ಲಿದ್ದವೆಲ್ಲ ಅವೇ. ಬಿಸಿಲಿಗೆ ಕಾದಷ್ಟೂ ಅದರ ಅಂಶ ನೀರಿಗಿಳಿಯುತ್ತದೆ, ಗೀರು ಬಿದ್ದಷ್ಟೂ ಕ್ರಿಮಿಗೆ ಮನೆಯಾಗುತ್ತದೆ. ಅಮೆರಿಕದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಬಾಟಲಿ ನೀರಿನ ಒಂದು ಲೀಟರಿನಲ್ಲಿ ಸರಾಸರಿ 2 ಲಕ್ಷ 40 ಸಾವಿರ ಪ್ಲಾಸ್ಟಿಕ್ ಕಣಗಳು! ಅವು ದೇಹಕ್ಕೆ ಏನು ಮಾಡುತ್ತವೆಂಬುದನ್ನು ಇನ್ನೂ ಹುಡುಕುತ್ತಿದ್ದಾರೆ. ಪ್ಲಾಸ್ಟಿಕ್ಕೇ ಆಗಬೇಕೆಂದರೆ 5ರ ಅಂಕಿಯದು ವಾಸಿ, ಕುದಿನೀರು ಮಾತ್ರ ಬೇಡ.

ಗಾಜು ಶುದ್ಧ. ನೀರಿಗೆ ಏನನ್ನೂ ಬಿಡದು, ವಾಸನೆ ಹಿಡಿಯದು. ಫ್ರಿಜ್ಜಿನಲ್ಲಿ, ಊಟದ ಮೇಜಿನ ಮೇಲೆ ಅದರಂಥದ್ದಿಲ್ಲ. ಮಕ್ಕಳ ಚೀಲಕ್ಕೆ ಆಗದು. ಅಲ್ಯುಮಿನಿಯಂ ಹಗುರ, ಆದರೆ ಒಳಲೇಪ ಕಿತ್ತಿದ್ದರೆ ಹುಳಿಗೆ ಅದೂ ಕರಗುತ್ತದೆ.

ಇನ್ನು ಬೆಟ್ಟ ಹತ್ತುವವರಿಗೆ. ಕೋಟೆಗೋ, ಜೋಗಿಮಟ್ಟಿಗೋ, ಹೊಸದುರ್ಗದ ಗುಡ್ಡಕ್ಕೋ ಹೊರಟರೆ ತಲೆಗೆ ಗಂಟೆಗೆ ಅರ್ಧ ಲೀಟರ್ ಎಂದು ಲೆಕ್ಕ ಹಾಕಿ. ಕಡು ಬಿಸಿಲಿಗೆ ಅದಕ್ಕೂ ಹೆಚ್ಚು. ಒಂದು ಲೀಟರ್ ನೀರೇ ಒಂದು ಕಿಲೋ ತೂಗುತ್ತದೆ, ಅದರ ಮೇಲೆ ಬಾಟಲಿಯದೂ ಭಾರವಾದರೆ ಹೆಗಲು ಏನಾಗಬೇಕು? ಒಂಟಿ ಗೋಡೆಯ ಸ್ಟೀಲು ಬಂಡೆಗೆ ಬಡಿದರೆ ತಗ್ಗು ಬೀಳುತ್ತದೆಯೇ ಹೊರತು ಒಡೆಯುವುದಿಲ್ಲ. ಒದ್ದೆ ಬಟ್ಟೆ ಸುತ್ತಿದರೆ ತಂಪಾಗಿಯೂ ಇರುತ್ತದೆ. ಮಣ್ಣಿನ ಹೂಜಿಯ ಗುಟ್ಟೂ ಅದೇ ತಾನೇ, ಹೊರಗೆ ಜಿನುಗಿದ ನೀರು ಆರುವಾಗ ಒಳಗಿನ ಬಿಸಿಯನ್ನು ಕೊಂಡೊಯ್ಯುತ್ತದೆ. ದುರ್ಗದ ಒಣ ಗಾಳಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಹಿಂದೆ ಕುರಿಗಾಹಿಗಳು ಒಣಗಿಸಿದ ಸೋರೆ ಬುರುಡೆಯಲ್ಲಿ ನೀರು ಒಯ್ಯುತ್ತಿದ್ದರು. ಹೂವಿನಷ್ಟು ಹಗುರ! ಓಬವ್ವನೂ, ಗಂಡ ಊಟಕ್ಕೆ ಕೂತಾಗ ನೀರಿಗೆಂದು ಹೊರಟವಳೇ ಅಲ್ಲವೇ? ಕಿಂಡಿಯ ಬಳಿ ನಿಂತಾಗಲೆಲ್ಲ ನನಗೆ ಆಕೆಯ ಒನಕೆಗಿಂತ ಮೊದಲು ಆ ಖಾಲಿ ಕೊಡವೇ ನೆನಪಾಗುತ್ತದೆ.

ಹೊಳಲ್ಕೆರೆಯ ಸೋದರಿಯೊಬ್ಬರು, "ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆಯಂತೆ, ತಾಮ್ರದ ಬಾಟಲಿಯಲ್ಲಿಟ್ಟರೆ ಹೋಗುತ್ತದೆಯೇ?" ಎಂದು ಕೇಳಿದ್ದಾರೆ. ಹೋಗುವುದಿಲ್ಲ ತಾಯಿ. ಕುದಿಸಿದರೂ ಹೋಗದು, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ ಒಂದೂವರೆಯವರೆಗೆ ನಡೆಯುತ್ತದೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಮೀರಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಮೂಳೆಗೆ ತೊಂದರೆ. ವಾಣಿವಿಲಾಸ ಸಾಗರದಂಥ ಕೆರೆ-ಅಣೆಕಟ್ಟಿನ ನಲ್ಲಿ ನೀರು ಬರುವ ಕಡೆ ಕುಡಿಯಲು ಅದನ್ನೇ ಹಿಡಿಯಿರಿ. 1933ರ ನಂತರ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಾಗ ಹಿರಿಯೂರಿಗೆ ಹಿರಿಯೂರೇ ಬಾಗಿನ ಹಿಡಿದು ಹೋಗಿದ್ದನ್ನು ನೀವೂ ಕಂಡಿರಬಹುದು. ಅದಿಲ್ಲದ ಹಳ್ಳಿಯಲ್ಲಿ ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕವೇ ಗತಿ. ಆ ನೀರು ತರುವ ಕ್ಯಾನನ್ನು ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ, ಅದನ್ನೂ ಬರೆದು ತಿಳಿಸಿ.

ತೊಳೆಯುವ ಕ್ರಮ: ಸ್ಟೀಲ್ ಬಾಟಲಿಗೆ ಒಂದು ಚಮಚ ಅಡಿಗೆ ಸೋಡ, ಬಿಸಿನೀರು ಹಾಕಿ ರಾತ್ರಿ ಬಿಟ್ಟರೆ ವಾಸನೆ ಹೋಗುತ್ತದೆ. ತಳದ ಕರೆಗೆ ಒಂದು ಹಿಡಿ ನುಚ್ಚಕ್ಕಿ, ಸ್ವಲ್ಪ ನೀರು ಹಾಕಿ ಚೆನ್ನಾಗಿ ಕುಲುಕಿ. ಬ್ಲೀಚಿಂಗ್ ಪುಡಿ ಬೇಡ, ಸ್ಟೀಲನ್ನೇ ತಿನ್ನುತ್ತದೆ. ವಾರಕ್ಕೆರಡು ಸಲ ರಬ್ಬರ್ ಬಳೆ ಬಿಚ್ಚಿ ತಿಕ್ಕಿ, ಬಾಟಲಿಯನ್ನು ಬೋರಲು ಹಾಕಿ, ಮುಚ್ಚಳವನ್ನು ಬೇರೆಯಾಗಿ ಒಣಗಿಸಿ.

ಪುಟ್ಟಿ ಈಗ ಸಂಜೆ ಬಂದವಳೇ ಖಾಲಿ ಬಾಟಲಿಯನ್ನು ಅಜ್ಜಿಗೆ ಫೋನಿನಲ್ಲಿ ತೋರಿಸುತ್ತಾಳೆ. "ಗಿಡಕ್ಕೆ ಹಾಕಲಿಲ್ಲ ತಾನೇ?" ಎಂದು ನಾನು ಕೇಳುತ್ತೇನೆ. "ಗಿಡಕ್ಕೆ ಸ್ವಲ್ಪ" ಎನ್ನುತ್ತಾಳೆ.