ಹಗ್ಗ ಹಿಡಿದವರು

ಹುಡುಗ ನನ್ನ ಎದೆಯ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿದ. ಸಡಿಲ ಅನ್ನಿಸಿರಬೇಕು, ಒಂದು ಎಳೆ ಬಿಗಿ ಮಾಡಿ ಮತ್ತೆ ಬೆರಳು ತೂರಿಸಿದ. ಆಮೇಲೆ ಸೊಂಟದ ಮುಂದಿದ್ದ ಉಕ್ಕಿನ ಕೊಂಡಿಯನ್ನು ರಾಟೆಗೆ ಸಿಕ್ಕಿಸಿ, ಅದರ ತಿರುಪನ್ನು ಕೊನೆಯತನಕ ತಿರುಗಿಸಿ, ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಜಗ್ಗಿದ. ಎರಡನೆಯ ಕೊಂಡಿಗೂ ಹಾಗೆಯೇ ಮಾಡಿದ. ಅಷ್ಟು ಹೊತ್ತೂ ಅವನು ನನ್ನ ಮುಖ ನೋಡಲಿಲ್ಲ. ಕಣ್ಣು ಪೂರ್ತಿ ಕೊಂಡಿಯ ಮೇಲಿತ್ತು. ‘ಕಾಲು ಮಡಿಸ್ಕಳಿ ಸಾರ್, ಮೇಲಿನ ಹಗ್ಗ ಮಾತ್ರ ಮುಟ್ಬೇಡಿ’ ಎಂದವನೇ ಬಿಟ್ಟುಬಿಟ್ಟ.

ಸಕಲೇಶಪುರದ ಕಡೆಯ ಒಂದು ಕಾಫಿ ತೋಟ ಅದು. ಅಕ್ಕನ ಮಗ ರಜೆಗೆ ನಮ್ಮೂರು ಬೂವನಹಳ್ಳಿಗೆ ಬಂದಿದ್ದ. ಅವನ ಒತ್ತಾಯಕ್ಕೆ ಬೆಳಿಗ್ಗೆಯೇ ಹೊರಟು, ಹಾಸನ ದಾಟಿ, ಆಲೂರಿನ ಮೇಲೆ ಹೋಗಿದ್ದೆವು. ಜಿಪ್‌ಲೈನ್ ಎಂಬುದನ್ನು ನಾನು ಅಲ್ಲಿಯವರೆಗೆ ಮೊಬೈಲಿನಲ್ಲಷ್ಟೇ ಕಂಡಿದ್ದೆ. ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಉಕ್ಕಿನ ಹಗ್ಗ, ಅದರ ಮೇಲೆ ಉರುಳುವ ರಾಟೆ, ರಾಟೆಗೆ ತೂಗಿಬಿದ್ದ ಮನುಷ್ಯ. ಸವಾರಿ ಅರ್ಧ ನಿಮಿಷದಲ್ಲಿ ಮುಗಿಯಿತು. ಸಿಲ್ವರ್ ಓಕ್ ಮರಗಳ ತುದಿ ಕಾಲಿಗೆ ತಾಗುವಷ್ಟು ಹತ್ತಿರ ಬಂದು ಸರಿದವು. ಮೆಣಸಿನ ಬಳ್ಳಿ ಹಬ್ಬಿದ ಬೊಡ್ಡೆಗಳು, ಅವುಗಳ ನೆರಳಲ್ಲಿ ಕಾಫಿ ಗಿಡ, ಆಚೆಗೆ ಕಾಫಿ ಒಣಗಿಸುವ ಕಣ. ಕಣದಲ್ಲಿ ಒಬ್ಬ ಹೆಂಗಸು ಕಾಫಿ ಹರಡುತ್ತಿದ್ದಳು. ನೆತ್ತಿಯ ಮೇಲೆ ಮನುಷ್ಯನೊಬ್ಬ ಹಾರಿಹೋಗುತ್ತಿದ್ದರೂ ಅವಳು ತಲೆ ಎತ್ತಲಿಲ್ಲ. ಅವಳಿಗೆ ಅದು ದಿನಾ ಕೇಳುವ ಸದ್ದು.

ಹೊರಡುವ ಮೊದಲು ನನ್ನನ್ನು ಹೆದರಿಸಿದ್ದು ಎತ್ತರವಲ್ಲ, ಹಗ್ಗದ ಜೋಲು. ಇಷ್ಟೊಂದು ಜೋತುಬಿದ್ದಿದೆಯಲ್ಲ, ಬಿಗಿಯಾಗಿ ಕಟ್ಟಬಾರದಿತ್ತೇ ಎಂದೆ. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಅಲ್ಲೇ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಲೆಕ್ಕ ತೋರಿಸಿದ. ನೂರು ಮೀಟರ್ ಉದ್ದದ ಹಗ್ಗದ ನಡುವೆ 80 ಕಿಲೋ ತೂಕದ ಒಬ್ಬ ತೂಗುತ್ತಿದ್ದಾನೆ ಎಂದುಕೊಳ್ಳಿ. ಹಗ್ಗ ಅಲ್ಲಿ 5 ಮೀಟರ್ ಜೋತರೆ ಅದರ ಮೇಲೆ ಬೀಳುವ ಎಳೆತ ಸುಮಾರು 400 ಕಿಲೋ ತೂಕದಷ್ಟು. ಬಿಗಿದು ಕಟ್ಟಿ 1 ಮೀಟರ್ ಮಾತ್ರ ಜೋಲುವಂತೆ ಮಾಡಿದರೆ ಅದೇ ಮನುಷ್ಯ 2,000 ಕಿಲೋ ಎಳೆಯುತ್ತಾನೆ. ಹಗ್ಗದ ಸ್ವಂತ ಭಾರವನ್ನು ಇದರಲ್ಲಿ ಸೇರಿಸಿಲ್ಲ. ಬಿಗಿದಷ್ಟೂ ಹಗ್ಗಕ್ಕೆ ಕಷ್ಟ. ಲೆಕ್ಕ ಗೊತ್ತಿಲ್ಲದ ನಮ್ಮವ್ವನಿಗೂ ಇದು ಗೊತ್ತಿತ್ತು. ಹಿತ್ತಲಿನ ಬಟ್ಟೆ ಹಗ್ಗವನ್ನು ನಾನು ತಂತಿಯ ಹಾಗೆ ಎಳೆದು ಕಟ್ಟಿದಾಗಲೆಲ್ಲ ಬಿಚ್ಚಿ ಸಡಿಲ ಮಾಡುತ್ತಿದ್ದಳು. ಒದ್ದೆ ಕಂಬಳಿ ಹಾಕಿದರೆ ಗೂಟವೇ ಕಿತ್ತು ಬರುತ್ತದೆ ಅನ್ನುತ್ತಿದ್ದಳು.

ಹಗ್ಗ ಹಿಡಿದು ಕಣಿವೆ ದಾಟುವುದು ಮನುಷ್ಯನಿಗೆ ಹೊಸದಲ್ಲ. ಚೀನಾದ ಯಾತ್ರಿಕ ಫಾಹಿಯಾನ್ ಐದನೆಯ ಶತಮಾನದ ಹೊಸ್ತಿಲಲ್ಲಿ ಸಿಂಧೂ ನದಿಯನ್ನು ದಾಟಿದ್ದು ಹಗ್ಗದ ತೂಗುಸೇತುವೆಯ ಮೇಲೆ. ಇಂದಿನ ಜಿಪ್‌ಲೈನ್ ಪ್ರವಾಸದ ಬೇರು ಕೋಸ್ಟರಿಕಾದ ಮಳೆಕಾಡಿನಲ್ಲಿದೆ. 1970ರ ದಶಕದಲ್ಲಿ ಡೊನಾಲ್ಡ್ ಪೆರಿ ಎಂಬ ಜೀವವಿಜ್ಞಾನಿ ಮರಗಳ ನೆತ್ತಿಯಲ್ಲಿ ಏನೇನು ಬದುಕುತ್ತದೆ ಎಂದು ನೋಡಲು ಮರದಿಂದ ಮರಕ್ಕೆ ಹಗ್ಗ ಬಿಗಿದು ಓಡಾಡಿದ. ಅವನಂಥವರು ನೋಡಲು ಕಟ್ಟಿಕೊಂಡ ಹಗ್ಗದ ಮೇಲೆ ಆಮೇಲೆ ಪ್ರವಾಸಿಗಳು ಬಂದರು. ಈಗ ಹಳೆಯ ಊರುಗಳ ಮೇಲೂ ಹಗ್ಗ ಬಂದಿದೆ. ಜೋಧಪುರದ ಮೆಹ್ರಾನ್‌ಗಢ ಕೋಟೆಯ ಬುರುಜು, ಕೆರೆಗಳ ಮೇಲೆ ಹಗ್ಗದಲ್ಲಿ ತೇಲಿಹೋಗಬಹುದು. ಹಳೆಯ ಊರನ್ನು ಕಾಲಿನಿಂದ ನೋಡುವುದು ಒಂದು, ನೆತ್ತಿಯಿಂದ ನೋಡುವುದು ಇನ್ನೊಂದು. ಎರಡಕ್ಕೂ ದಾರಿ ತೋರಿಸುವವನೊಬ್ಬ ಬೇಕು.

ನಮ್ಮ ಜಿಲ್ಲೆಯಲ್ಲಿ ಹಳೆಯ ಊರೊಂದರ ಮೇಲೆ ಮನುಷ್ಯರನ್ನು ತೂಗಿಕೊಂಡು ಹೋಗುವ ಪದ್ಧತಿ ಬಹಳ ಕಾಲದಿಂದ ಇದೆ. ಶ್ರವಣಬೆಳಗೊಳದ ಡೋಲಿ. ಬೆತ್ತದ ಕುರ್ಚಿ, ಬಿದಿರ ಬೊಂಬು, ನಾಲ್ವರ ಹೆಗಲು. ದೊಡ್ಡಬೆಟ್ಟ ನೆಲದಿಂದ 470 ಅಡಿ ಎತ್ತರ. ಬಂಡೆಯಲ್ಲೇ ಕಡಿದ ಮೆಟ್ಟಿಲು ಆರುನೂರಕ್ಕೂ ಹೆಚ್ಚು. ಹತ್ತುವವರೆಲ್ಲ ಚಪ್ಪಲಿ ಕೆಳಗೆ ಬಿಡಬೇಕು, ಹೊತ್ತವರೂ ಬರಿಗಾಲು.

1990ರ ದಶಕದ ಕೊನೆಯಲ್ಲಿ ನಮ್ಮಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಮಂಡಿನೋವು, ಆದರೂ ಗೊಮ್ಮಟನನ್ನು ಒಮ್ಮೆ ನೋಡಬೇಕೆಂದು ವರ್ಷಗಟ್ಟಲೆ ಹೇಳುತ್ತಿದ್ದಳು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಬೆಟ್ಟದ ಬುಡಕ್ಕೆ ಬಂದಾಗ ಬಿಸಿಲು ಏರಿತ್ತು. ಡೋಲಿಯಲ್ಲಿ ಕೂರಲು ಅಜ್ಜಿ ಸುತರಾಂ ಒಪ್ಪಲಿಲ್ಲ. ಹೆಣ ಹೊತ್ತಂಗೆ ನನ್ನ ಹೊರೋದು ಬ್ಯಾಡ ಎಂದು ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೊರುವವರಲ್ಲಿ ಹಿರಿಯನಾದವನು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ‘ಏಳವ್ವ, ನೀನ್ ಹತ್ತದಿದ್ರೆ ನಮ್ ಒಲೆ ಹತ್ತಕಿಲ್ಲ’ ಎಂದ. ಆ ಮಾತಿಗೆ ಅಜ್ಜಿ ಎದ್ದಳು.

ಅರ್ಧ ದಾರಿಯಲ್ಲಿ ಡೋಲಿ ಇಳಿಸಿದರು. ಹೆಗಲ ಮೇಲಿನ ಸಿಂಬಿ ಬಟ್ಟೆಯನ್ನು ಬಿಚ್ಚಿ ಹಿಂಡಿದಾಗ ಬಂಡೆಯ ಮೇಲೆ ಬೆವರು ಹನಿಯಿತು. ಬಿಸಿಗೆ ಆ ಹನಿ ನೋಡುನೋಡುತ್ತಿದ್ದಂತೆ ಆರಿತು. ಅಜ್ಜಿ ಸೆರಗಿನ ಗಂಟಿನಿಂದ ಕೋಡುಬಳೆ ತೆಗೆದು ನಾಲ್ವರಿಗೂ ಕೊಟ್ಟಳು. ದಿನಕ್ಕೆಷ್ಟು ಸಲ ಹತ್ತೀಯಪ್ಪ ಎಂದು ಕೇಳಿದಳು. ‘ಮೂರ್ ಸಲನೋ ನಾಕ್ ಸಲನೋ, ಕಾಲು ಲೆಕ್ಕ ಇಟ್ಕಂಡಿಲ್ಲ ಕಣವ್ವ’ ಎಂದು ಹಿರಿಯ ನಕ್ಕ. ಆಮೇಲೆ ಕೈಚಾಚಿ ಊರು ತೋರಿಸಿದ. ನಡುವೆ ಚೌಕದ ಕಲ್ಯಾಣಿ, ಬೆಳ್ಗೊಳ ಎಂಬ ಹೆಸರು ಬಂದದ್ದು ಆ ಬಿಳಿಯ ಕೊಳದಿಂದ. ಅದರಾಚೆ ಚಿಕ್ಕಬೆಟ್ಟ, ಮೈಮೇಲೆ ಬಸದಿಗಳು. ಅಲ್ಲಿ ಉಪವಾಸ ಮಾಡಿ ಪ್ರಾಣಬಿಟ್ಟವರ ಹೆಸರು ಬಂಡೆಯ ಮೇಲೆ ಕೊರೆದಿದೆ ಎಂದ. ಹೆಂಗಸರೂ ಇದಾರಾ ಎಂದು ಅಜ್ಜಿ ಕೇಳಿದಳು. ಇದಾರೆ ಎಂದ. ಅಜ್ಜಿ ಆ ಬೆಟ್ಟದ ಕಡೆ ತಿರುಗಿ ಕೈ ಮುಗಿದಳು.

ಆ ಮನುಷ್ಯ ಶಾಲೆ ಎಷ್ಟು ಓದಿದ್ದನೋ ನಾನು ಕೇಳಲಿಲ್ಲ. ಆದರೆ ಅವನು ಒಂದೇ ಬೀಸಿನಲ್ಲಿ ತೋರಿಸಿದ್ದನ್ನು ಕಾಗದಕ್ಕೆ ಇಳಿಸಲು ವಿದ್ವಾಂಸರು ಪೀಳಿಗೆಗಟ್ಟಲೆ ದುಡಿದಿದ್ದಾರೆ. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಬಿಸಿಲಿಗೆ ಕಾದ ಬಂಡೆಯ ಮೇಲೆ ಬಗ್ಗಿ ಕೂತು ಅಕ್ಷರ ಅಕ್ಷರ ಹುಡುಕಿದವರು ಅವರು. ಚಿಕ್ಕಬೆಟ್ಟದ ಅತ್ಯಂತ ಹಳೆಯ ಶಾಸನ ಸುಮಾರು ಕ್ರಿ.ಶ. 600ರದು. ಮೇಲಿನಿಂದ ನೋಡಿದರೆ ಇದೊಂದೂ ಕಾಣುವುದಿಲ್ಲ. ಕಾಣುವುದು ಬೋಳು ಬಂಡೆ. ಹೆಸರುಗಳಿವೆ ಎಂದು ಹೇಳುವವನು ಪಕ್ಕದಲ್ಲಿದ್ದರೆ ಆ ಬಂಡೆ ಮಾತಾಡುತ್ತದೆ.

ಬೆಳಗೊಳವನ್ನು ಎಲ್ಲರಿಗಿಂತ ಎತ್ತರದಿಂದ ಕಂಡವರಲ್ಲಿ ಇಂದಿರಾ ಗಾಂಧಿ ಒಬ್ಬರು. 1981ರ ಫೆಬ್ರವರಿಯಲ್ಲಿ, ಚಾವುಂಡರಾಯ ಮೂರ್ತಿಯನ್ನು ಮಾಡಿಸಿ ಸಾವಿರ ವರ್ಷವಾದ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ, ಅವರು ಹೆಲಿಕಾಪ್ಟರಿನಿಂದ ಗೊಮ್ಮಟನ ಮೇಲೆ ಹೂ ಸುರಿದರು. ಆ ಕತೆ ಈಗಲೂ ನಮ್ಮ ಕಡೆ ಜನರ ಬಾಯಲ್ಲಿದೆ. ಆದರೆ ಸುಮಾರು 58 ಅಡಿಯ ಮೂರ್ತಿಯ ತಲೆಯವರೆಗೆ ಕೊಡ ಹೊತ್ತು ಹೋಗಬೇಕಾದರೆ ಬೆನ್ನಿಗೆ ಅಟ್ಟಣಿಗೆ ಕಟ್ಟಬೇಕು. ಹಿಂದೆಲ್ಲ ಅದು ಮರದ ಕಂಬ, ಹಗ್ಗದ ಗಂಟು. 2018ರ ಹೊತ್ತಿಗೆ ಜರ್ಮನ್ ತಂತ್ರಜ್ಞಾನದ ಲೋಹದ ಅಟ್ಟಣಿಗೆ ಬಂತು. ಪ್ರತಿ ಹನ್ನೆರಡು ವರ್ಷಕ್ಕೊಮ್ಮೆ ಕಟ್ಟಿ ಬಿಚ್ಚುವ ಆ ಕೆಲಸದಲ್ಲಿ ಗಂಟು ಹಾಕಿದವರ ಹೆಸರು ಯಾವ ಶಾಸನದಲ್ಲೂ ನಾನು ನೋಡಿಲ್ಲ. ನನಗೆ ಅದು ನೋವಿನ ಸಂಗತಿ. ಬೆಳಗೊಳದ ಜನರಿಗೂ ಇದು ಒಳಗೊಳಗೇ ಗೊತ್ತಿತ್ತೇನೋ. ಇಲ್ಲದಿದ್ದರೆ ಗುಳ್ಳಕಾಯಜ್ಜಿಯ ಕತೆ ಹುಟ್ಟುತ್ತಿರಲಿಲ್ಲ. ಚಾವುಂಡರಾಯ ಮೇಲಿನಿಂದ ಸುರಿಸಿದ ಕೊಡಗಟ್ಟಲೆ ಹಾಲು ಸೊಂಟದಿಂದ ಕೆಳಗೆ ಇಳಿಯಲಿಲ್ಲ, ಮುದುಕಿಯ ಗುಳ್ಳದ ಕಾಯಿಯೊಳಗಿನ ಹಾಲು ಪಾದ ಮುಟ್ಟಿತು. ಅವಳು ಈಗಲೂ ಗೊಮ್ಮಟನ ಎದುರು, ಹೊರಬಾಗಿಲ ಬಳಿ ಕಾಯಿ ಹಿಡಿದು ನಿಂತಿದ್ದಾಳೆ. ನಮ್ಮಜ್ಜಿ ಗೊಮ್ಮಟನಿಗಿಂತ ಹೆಚ್ಚು ಹೊತ್ತು ನಿಂತದ್ದು ಆ ಅಜ್ಜಿಯ ಮುಂದೆ.

ಮೇಲಿನಿಂದ ಮಾತ್ರ ಕಾಣುವ ಆಕಾರಗಳೂ ನಮ್ಮ ಸೀಮೆಯಲ್ಲಿ ಇವೆ. ಜಿಪ್‌ಲೈನ್ ಮುಗಿಸಿ ನಾವು ಹೋದದ್ದು ಮಂಜರಾಬಾದ್ ಕೋಟೆಗೆ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಕೋಟೆ. ಮಲೆನಾಡನ್ನು ದಾಟಿ ಮಂಗಳೂರಿನ ಕಡಲಿಗಿಳಿಯುವ ದಾರಿಯ ಕಾವಲು ಅದು. ತಿಳಿ ದಿನಗಳಲ್ಲಿ ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ ಎಂಬ ಮಾತಿದೆ. ನಾವು ಹೋದ ದಿನ ಮಂಜು. ಒಳಗೆ ನಿಂತರೆ ಗೋಡೆ ಕಾಣುತ್ತದೆ, ಮೂಲೆ ಕಾಣುತ್ತದೆ; ನಕ್ಷತ್ರ ಕಾಣುವುದಿಲ್ಲ. ಅಕ್ಕನ ಮಗ ಡ್ರೋನ್ ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ ಮೇಲೆಯೇ ನಾನು ನಕ್ಷತ್ರದೊಳಗೆ ನಿಂತಿದ್ದೇನೆ ಎಂದು ನಂಬಿಕೆ ಬಂದದ್ದು.

ಅಲ್ಲಿ ನಿಂತಾಗ ಒಂದು ಪ್ರಶ್ನೆ ಎದ್ದಿತು. ಕಟ್ಟಿದವರಿಗೆ ಡ್ರೋನ್ ಇರಲಿಲ್ಲ. ಅರಸೀಕೆರೆಯ ಈಶ್ವರ ಗುಡಿಯ 16 ಮೂಲೆಯ ನಕ್ಷತ್ರವನ್ನು, ಡಂಬಳದ ದೊಡ್ಡಬಸಪ್ಪ ಗುಡಿಯ 24 ಮೂಲೆಗಳನ್ನು ಇಟ್ಟವರು ಆಕಾಶದಿಂದ ನೋಡಿದವರಲ್ಲ. ಮತ್ತೆ ಹೇಗೆ ಇಟ್ಟರು? ಹಗ್ಗ ಹಿಡಿದು. ನೆಲದ ನಡುವೆ ಒಂದು ಗೂಟ ಹೊಡೆದು, ಹಗ್ಗ ಎಳೆದು ಒಂದು ಚೌಕ ಗುರುತಿಸಿ, ಅದೇ ಗೂಟದ ಸುತ್ತ ಚೌಕವನ್ನು ತಿರುಗಿಸುತ್ತ ಹೋದರೆ ನಕ್ಷತ್ರ ಹುಟ್ಟುತ್ತದೆ. ಎರಡು ಚೌಕಕ್ಕೆ ಎಂಟು ಮೂಲೆ, ನಾಲ್ಕಕ್ಕೆ ಹದಿನಾರು, ಆರಕ್ಕೆ ಇಪ್ಪತ್ತನಾಲ್ಕು. ನಮ್ಮ ಶಿಲ್ಪಶಾಸ್ತ್ರದಲ್ಲಿ ಸ್ಥಪತಿಯ ಪಕ್ಕದಲ್ಲೇ ಸೂತ್ರಗ್ರಾಹಿಗೆ ಸ್ಥಾನವಿದೆ. ಸೂತ್ರ ಎಂದರೆ ಹಗ್ಗ, ಗ್ರಾಹಿ ಎಂದರೆ ಹಿಡಿದವನು. ಮಣ್ಣಿನ ಮೇಲೆ ಮಂಡಿಯೂರಿ ಹಗ್ಗದ ತುದಿ ಹಿಡಿದವನಿಗೆ ಆಕಾಶಕ್ಕೆ ಹೇಗೆ ಕಾಣಬೇಕೆಂದು ಗೊತ್ತಿತ್ತು. ನೋಡುವ ಎತ್ತರ ಅವನಿಗೆ ಬೇಕಾಗಲಿಲ್ಲ. ನಾವು ಡ್ರೋನಿನಿಂದ ಈಗ ಕಂಡು ಬೆರಗಾಗುತ್ತಿರುವುದು ಅವನು ಬೆರಳಿನಲ್ಲಿ ಎಂದೋ ಕಂಡದ್ದನ್ನು.

ಬೂವನಹಳ್ಳಿಯವರಾದ ನಮಗೆ ಎತ್ತರದ ಮಾತು ದಿನವೂ ಕಿವಿಗೆ ಬೀಳುತ್ತದೆ. ಹಾಸನದ ವಿಮಾನ ನಿಲ್ದಾಣಕ್ಕೆ ಗುರುತಾದ ನೆಲ ನಮ್ಮದು. ಹಳಬರು ಅದನ್ನು ಇಂದಿಗೂ ಏರೋಡ್ರಮ್ ಎನ್ನುತ್ತಾರೆ. ಮುಂದೊಂದು ದಿನ ಅಲ್ಲಿಂದ ಮೇಲೇರುವ ಮಕ್ಕಳಿಗೆ ಬೆಳಗೊಳದ ಎರಡು ಬೆಟ್ಟಗಳು ಎರಡು ಹರಳಿನ ಹಾಗೆ ಕಾಣಬಹುದು. ಕಾಣಲಿ, ನನಗೆ ಸಂತೋಷವೇ. ನನ್ನ ಕೋರಿಕೆ ಇಷ್ಟು: ಪ್ರವಾಸೋದ್ಯಮದ ಹೆಸರಿನಲ್ಲಿ ನಮ್ಮ ಬೆಟ್ಟಗಳಿಗೆ ಹಗ್ಗ, ರೋಪ್‌ವೇ, ಗಾಜಿನ ಸೇತುವೆ ಏನು ಬಂದರೂ ಅದನ್ನು ದಿನಾ ಮುಟ್ಟಿ ನೋಡುವವರಿಗೆ ಕಾಯಂ ಕೆಲಸ, ವಿಮೆ, ವಾರದ ರಜೆ, ಕಲಿಯಲು ಅವಕಾಶ ಮೊದಲು ಬರಲಿ. ಡೋಲಿ ಹೊರುವವರ ಮಂಡಿಗೂ ವಯಸ್ಸಾಗುತ್ತದೆ. ಅವರಿಗೆ ಬೆಳಗೊಳದ ಇತಿಹಾಸವನ್ನು ಒಂದು ತಿಂಗಳು ಕೂರಿಸಿ ಹೇಳಿಕೊಟ್ಟರೆ ಹೊರಲಾಗದ ಕಾಲಕ್ಕೆ ಹೇಳುವ ಕೆಲಸವಾದರೂ ಇರುತ್ತದೆ. ಅರ್ಧ ಪಾಠ ಅವರಿಗೆ ಆಗಲೇ ಬರುತ್ತದೆ.

ಜಿಪ್‌ಲೈನಿನ ಹುಡುಗನ ಮಾತು ಇನ್ನೂ ಉಳಿದಿದೆ. ಪಟ್ಟಿ ವಾಪಸು ಕೊಡಲು ದಿಬ್ಬಕ್ಕೆ ಮರಳಿದಾಗ, ನೀನು ಇದರಲ್ಲಿ ಹೋಗಿದ್ದೀಯೇನಪ್ಪ ಎಂದು ಕೇಳಿದೆ.

‘ದಿನಾ ಬೆಳಿಗ್ಗೆ ಮೊದಲ್ನೇ ಸಲ ನಾನೇ ಹೋಗೋದು ಸಾರ್. ನಾನ್ ಹೋಗಿ ಬಂದ ಮ್ಯಾಲೇ ಬೇರೆಯವರು.’

‘ಬೆಳಗಿನ ಹೊತ್ತು ಕೆಳಗಡೆ ತೋಟ ಚೆನ್ನಾಗಿ ಕಾಣುತ್ತೆ ಅಲ್ವಾ?’

ಹುಡುಗ ಸ್ವಲ್ಪ ಯೋಚಿಸಿದ. ‘ನಾನು ಕೆಳಗಡೆ ನೋಡಿಲ್ಲ ಸಾರ್, ಮ್ಯಾಲೆ ಹಗ್ಗನೇ ನೋಡ್ಕಂಡ್ ಹೋಯ್ತೀನಿ. ಎಳೆ ಎಲ್ಲಾರ ಬಿಟ್ಕಂಡೈತಾ ಅಂತ. ರಾಟೆ ಸದ್ದು ಒಂಚೂರು ಬ್ಯಾರೆ ಥರ ಬಂದ್ರೂ ಆವತ್ತು ಯಾರ್ನೂ ಬಿಡಕಿಲ್ಲ.’

ಅಷ್ಟರಲ್ಲಿ ಮುಂದಿನವರು ಬಂದರು, ಹತ್ತು ಹನ್ನೆರಡು ವರ್ಷದ ಹುಡುಗಿ, ಜೊತೆಗೆ ಅವಳ ತಂದೆ. ಹುಡುಗ ಅವಳ ಎದೆಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿದ.